ಹೊಗೆಯಿಲ್ಲದ ಒಲೆಯ ಹೊಗೆ

ನಮ್ಮ ಮಾವನವರಿಗೆ ದೇವರ ಮೇಲಿದ್ದ ನಂಬಿಕೆಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನ ನಂಬಿಕೆ ಸಂಶೋಧನೆಯ ಮೇಲಿತ್ತು. ಬೆಳಗಿನ ಲಿಂಗಪೂಜೆಯನ್ನು ಅವಸರದಲ್ಲೇ ಮುಗಿಸುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ತುರುವೇಕೆರೆಯಿಂದ ಬರುತ್ತಿದ್ದ ಪೇಪರನ್ನು ಮಾತ್ರ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕನ್ನಡಕ ಒರೆಸಿಕೊಂಡು, ಒಂದಕ್ಷರ ಬಿಡದೆ ಓದುತ್ತಿದ್ದರು. ರಾಜಕೀಯ ಅವರಿಗೆ ಬೇಕಿರಲಿಲ್ಲ. ಒಳಪುಟದ ಮೂಲೆಯಲ್ಲೆಲ್ಲೋ 'ವಿಜ್ಞಾನಿಗಳು ಕಂಡುಕೊಂಡಿದ್ದಾರೆ' ಎಂಬ ಮಾತು ಕಂಡರೆ ಸಾಕು, ಮನೆಯವರನ್ನೆಲ್ಲ ಕರೆದು ಜೋರಾಗಿ ಓದುತ್ತಿದ್ದರು. ಕಾಫಿ ಕುಡಿದರೆ ಮೆದುಳು ಚುರುಕಾಗುತ್ತದೆ ಎಂದು ಒಮ್ಮೆ ಬಂತು. ಅವತ್ತಿನಿಂದ ಸಂಜೆಗೆ ಇನ್ನೊಂದು ಲೋಟ ಕಾಫಿ ಖಾಯಂ ಆಯಿತು. ಕೆಲವು ತಿಂಗಳು ಕಳೆದ ಮೇಲೆ ಅದೇ ಪೇಪರಿನ ಅದೇ ಮೂಲೆಯಲ್ಲಿ ಕಾಫಿ ನಿದ್ದೆಗೆಡಿಸುತ್ತದೆ ಎಂದು ಬಂತು. ಅದು ಬೇರೆ ದೇಶದ ಕಾಫಿ ಎಂದು ಹೇಳಿ ಪುಟ ತಿರುಗಿಸಿದರು.

ತೆಂಗು ಹೃದಯಕ್ಕೆ ಒಳ್ಳೆಯದಲ್ಲ ಎಂದು ಬಂದ ದಿನವಂತೂ ಯಾರನ್ನೂ ಕರೆಯಲಿಲ್ಲ. ಆ ಹಾಳೆಯನ್ನು ತಾವೇ ಮಡಿಸಿ ತಂದು, ಒಲೆ ಹಚ್ಚಲು ಬೇಕಾದೀತು ಎಂದು ನಮ್ಮತ್ತೆಯ ಕೈಗೆ ಕೊಟ್ಟು ಹೋದರು. ತೆಂಗು ತಿಂದರೆ ಸಾಯುತ್ತಾರೆ ಅನ್ನುವುದಾದರೆ ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಯವರೆಗೆ ದೀಪ ಹಚ್ಚಲು ಒಬ್ಬರೂ ಉಳಿಯಬಾರದಿತ್ತು ಎನ್ನುವುದು ಅವರ ವಾದ. ಹೀಗೆ ಒಪ್ಪುವ ಸಂಶೋಧನೆ, ಒಪ್ಪದ ಸಂಶೋಧನೆ ಎಂದು ಎರಡು ಜಾತಿ ಮಾಡಿಕೊಂಡು ಅವರು ಬಹಳ ನೆಮ್ಮದಿಯಾಗಿದ್ದರು.

ನೆಮ್ಮದಿ ಇಲ್ಲದಿದ್ದದ್ದು ನಮ್ಮತ್ತೆಯ ಎದೆಗೆ. ನಾನು ಮದುವೆಯಾಗಿ ಚಿಕ್ಕನಾಯಕನಹಳ್ಳಿಯಿಂದ ದಂಡಿನಶಿವರದ ಕಡೆಯ ಆ ಊರಿಗೆ ಬಂದಾಗ, ಎಂಬತ್ತರ ದಶಕದ ಶುರುವಿನಲ್ಲಿ, ಆ ಮನೆಯಲ್ಲಿ ನನಗೆ ಮೊದಲು ಕೇಳಿಸಿದ್ದು ಅವರ ಕೆಮ್ಮು. ಆಮೇಲೆ ಕೇಳಿಸಿದ್ದು ಅವರ ಮಾತು. ಬೆಳಗಿನ ಜಾವ ಒಲೆ ಹಚ್ಚುತ್ತಿದ್ದಂತೆ ಶುರುವಾಗುತ್ತಿದ್ದ ಕೆಮ್ಮು ಮುದ್ದೆ ಕಟ್ಟಿ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಗೋಡೆಗೆ ಕೈಯೂರಿ ಒಂದು ಗಳಿಗೆ ನಿಂತು, ಏನೂ ಆಗಿಲ್ಲವೆಂಬಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಊದುಗೊಳವೆ ಹಿಡಿಯುತ್ತಿದ್ದರು. ಮಾವ ಅದನ್ನು ವಯಸ್ಸು ಎನ್ನುತ್ತಿದ್ದರು. ಪಕ್ಕದ ಮನೆಯವರು ದೃಷ್ಟಿ ಎನ್ನುತ್ತಿದ್ದರು. ಆಸ್ಪತ್ರೆಯ ಕಾಂಪೌಂಡರು ಏನೂ ಅನ್ನದೆ ಸೀಸೆಗೆ ಕೆಂಪು ಔಷಧಿ ತುಂಬಿ ಕೊಡುತ್ತಿದ್ದರು. ನಾನು ಹೊಸ ಸೊಸೆ, ಬಾಯಿಬಿಡುವ ಹಾಗಿರಲಿಲ್ಲ. ಆದರೆ ಆ ಒಲೆಯ ಮುಂದಿನ ಮಣೆ ಇವತ್ತಲ್ಲ ನಾಳೆ ನನ್ನ ಪಾಲಿಗೇ ಬರುವುದೆಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಅದನ್ನು ನೆನೆದರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ತವರಿನಲ್ಲೂ ಸೌದೆ ಒಲೆಯೇ ಇತ್ತು. ಆದರೆ ಅಲ್ಲಿ ಹೊಗೆ ಬೇಡದ ನೆಂಟ, ಕಿಟಕಿ ತೆರೆದು ಸಾಗಹಾಕುತ್ತಿದ್ದೆವು. ಇಲ್ಲಿ ಹೊಗೆ ಮನೆಯ ಆಳು. ಅಡುಗೆಮನೆಯ ಮೇಲೆಯೇ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಬಲಿತ ಕಾಯಿಯನ್ನು ಸುಲಿಯದೆ ಮಟ್ಟೆ ಸಮೇತ ಅಲ್ಲಿಗೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಕೆಳಗಿನ ಒಲೆಯ ಕಾವು, ಹೊಗೆ ಎರಡೂ ತಾಗಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಗ ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ, ನಾವು ಊಟ ಮಾಡುವುದೂ ಅದರಿಂದಲೇ. ಆದ್ದರಿಂದ ಅಡುಗೆಮನೆಗೆ ಕಿಟಕಿ ಇಡುವುದೆಂದರೆ ಕಣಜಕ್ಕೆ ತೂತು ಕೊರೆದಂತೆ ಎಂದು ಎಲ್ಲರೂ ತಿಳಿದಿದ್ದರು. ಕೆಲಸದಲ್ಲಿ ಭಾಗವೂ ಆಗಿತ್ತು. ಏಣಿಯಿಂದ ಆಚೆಗೆ ತೋಟ, ಗಾಡಿ, ಮಾರುಕಟ್ಟೆ ಎಲ್ಲ ಗಂಡಸರದು. ಏಣಿಯಿಂದ ಮೇಲಕ್ಕೆ ಅಟ್ಟ ಹೆಂಗಸರದು. ಶನಿವಾರ ಶನಿವಾರ ಅತ್ತೆ ಅಟ್ಟ ಹತ್ತಿ ಕೆಳಗಿನ ಕಾಯಿ ಮೇಲಕ್ಕೆ, ಮೇಲಿನದು ಕೆಳಕ್ಕೆ ಮಾಡಿ, ಕೊಳೆತದ್ದನ್ನು ಆರಿಸಿ ಎಸೆದು ಬರುತ್ತಿದ್ದರು. ನಾನು ಹತ್ತುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ನಿನಗೆ ಕಾಯಿ ತಿಳಿಯೋದಿಲ್ಲ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಇಂಥ ಮನೆಗೆ ಸಂಶೋಧನೆಯೇ ಜೀಪಿನಲ್ಲಿ ಬಂದಿಳಿಯಿತು. ಬೆಂಗಳೂರಿನಿಂದ ಒಬ್ಬರು ಲೇಡಿ ಡಾಕ್ಟರು, ಜೊತೆಗೆ ಒಲೆ ಕಟ್ಟುವ ವಿದ್ಯೆ ಓದಿದ ಇಬ್ಬರು ಹುಡುಗರು. ಹಳ್ಳಿಯ ಹೆಂಗಸರು ಅಡುಗೆ ಮಾಡುವಾಗ ಎಷ್ಟು ಹೊಗೆ ಕುಡಿಯುತ್ತಾರೆ ಎಂದು ಅಳೆಯಬೇಕಂತೆ. ಆಮೇಲೆ ಹೊಗೆ ಮನೆಯೊಳಗೆ ಬಾರದಂಥ ಒಲೆ ಕಟ್ಟಿಕೊಟ್ಟು ಮತ್ತೆ ಅಳೆಯಬೇಕಂತೆ. ಊರಿನವರು ಹೊಗೆಯನ್ನು ಅಳೆದು ಇವರು ಯಾವ ಸಂತೆಯಲ್ಲಿ ಮಾರುತ್ತಾರೆ ಎಂದು ನಕ್ಕರು. ಮಾವ ನಗಲಿಲ್ಲ. ಇಷ್ಟು ವರ್ಷ ಪೇಪರಿನಲ್ಲಿ ಓದಿದ್ದು ಈಗ ಹೊಸ್ತಿಲಿಗೆ ಬಂದಿದೆ. ಮೊದಲು ನಮ್ಮ ಮನೆಯಲ್ಲೇ ಆಗಲಿ ಎಂದು ಹೇಳಿ, ಅವರಿಗೆ ಎಳನೀರು ಕೊಚ್ಚಿಸಿದರು.

ಅಳೆಯುವ ಮಿಷನ್ನು ಒಂದು ಸಣ್ಣ ಡಬ್ಬಿ. ಅದನ್ನು ಸೊಂಟಕ್ಕೆ ಬೆಲ್ಟಿನಲ್ಲಿ ಕಟ್ಟುತ್ತಿದ್ದರು. ಅದರಿಂದ ಒಂದು ರಬ್ಬರಿನ ಕೊಳವೆ ಮೇಲೆ ಬಂದು ಕುತ್ತಿಗೆಯ ಹತ್ತಿರ ನಿಲ್ಲುತ್ತಿತ್ತು. ಹೆಂಗಸು ಉಸಿರಾಡುವ ಗಾಳಿಯನ್ನೇ ಅದೂ ಗುಂಯ್ ಎಂದು ಎಳೆದುಕೊಳ್ಳುತ್ತಿತ್ತು. ಒಳಗೆ ಬಿಲ್ಲೆಯಂಥ ಬಿಳಿಯ ಕಾಗದ, ಅದರ ಮೇಲೆ ಹೊಗೆಯ ಮಸಿ ಕೂರುತ್ತದೆ. ಇದನ್ನೆಲ್ಲ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿ, ಮಿಷನ್ನನ್ನು ಅತ್ತೆಯ ಸೊಂಟಕ್ಕೆ ಕಟ್ಟಿ, ಬೇರೆ ಮನೆಗೆ ಹೋದರು.

ಸಂಜೆ ಬಂದು ಬಿಚ್ಚಿ ನೋಡಿದರೆ ಕಾಗದ ಬೆಳ್ಳಗಿದೆ. ಇಷ್ಟು ಒಳ್ಳೆಯ ಗಾಳಿ ಬೆಂಗಳೂರಿನಲ್ಲಿ ನನ್ನ ಮನೆಯಲ್ಲೂ ಇಲ್ಲವಲ್ಲ ಎಂದು ಡಾಕ್ಟರು ಅತ್ತೆಯ ಮುಖ ನೋಡಿದರು. ನಡೆದದ್ದು ಇಷ್ಟೇ. ಪರರ ವಸ್ತು, ಬೆಲೆಬಾಳುವ ವಸ್ತು, ಮಸಿ ಹತ್ತಿ ಹಾಳಾದರೆ ಏನು ಗತಿ ಎಂದು ನಮ್ಮತ್ತೆ ಡಾಕ್ಟರು ಆಚೆಗೆ ಹೋದ ಕೂಡಲೇ ಅದನ್ನು ಬಿಚ್ಚಿ, ಒಗೆದ ಪಂಚೆಯಲ್ಲಿ ಸುತ್ತಿ, ದೇವರ ಮನೆಯಲ್ಲಿ ಇಟ್ಟಿದ್ದರು. ಇಡೀ ದಿನ ಅದು ವಿಭೂತಿಯ ಪಕ್ಕದಲ್ಲಿ ಗುಂಯ್ ಎನ್ನುತ್ತಾ ಕೂತಿತ್ತು. ಡಾಕ್ಟರು ಮೊದಲು ನಕ್ಕರು, ಆಮೇಲೆ ಅತ್ತೆಯ ಕೈ ಹಿಡಿದು, ಮಸಿಯಾಗಲಿ ಅಂತಲೇ ಇದನ್ನು ಕಟ್ಟೋದು, ಎಲ್ಲಿ ಹೋದರೂ ಇದರ ಜೊತೆಯಲ್ಲೇ ಹೋಗಬೇಕು, ಏನು ಮಾಡಿದರೂ ಇದನ್ನು ಕಟ್ಟಿಕೊಂಡೇ ಮಾಡಬೇಕು ಎಂದು ಗಟ್ಟಿಯಾಗಿ ಹೇಳಿದರು. ಮಾರನೆಯ ದಿನ ಮತ್ತೆ ಕಟ್ಟಿದರು. ಆ ಸಂಜೆ ಬಿಲ್ಲೆ ಬೂದಿಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಅತ್ತೆಯ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು ನನಗೊಬ್ಬಳಿಗೇ ಹೇಳಿದರು. ಶ್ವಾಸಕೋಶ ಸಾಕಷ್ಟು ಹಾಳಾಗಿದೆ, ಹಾಳಾದದ್ದು ಸರಿಹೋಗುವುದಿಲ್ಲ, ಇನ್ನು ಮೇಲಾದರೂ ಹೊಗೆ ತಪ್ಪಿದರೆ ಉಳಿದದ್ದು ಉಳಿಯುತ್ತದೆ ಎಂದರು.

ಹುಡುಗರು ಹೊಸ ಒಲೆ ಕಟ್ಟಿದರು. ಮಣ್ಣು, ಇಟ್ಟಿಗೆ, ಬಾಯಿ ಚಿಕ್ಕದು, ಬೆಂಕಿ ಪೂರ್ತಿ ಒಳಗೆ. ಹಿಂದಿನಿಂದ ಒಂದು ಕೊಳವೆ ಎದ್ದು, ಅಟ್ಟವನ್ನು ದಾಟಿ, ಹೆಂಚು ಬಿಡಿಸಿ ಸೂರಿನ ಮೇಲಕ್ಕೆ ಹೋಯಿತು. ಮೊದಲ ದಿನ ಅದರಲ್ಲಿ ಅಡುಗೆ ಮಾಡಿದಾಗ ಅಡುಗೆಮನೆಯ ಗೋಡೆಯ ಮೇಲೆ ಮಸಿ ಹಿಡಿದ ಬಲೆ, ಇಲ್ಲಣ, ಜೋತಾಡುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ಅಲ್ಲಿಯವರೆಗೆ ಹೊಗೆಯಲ್ಲಿ ಅದು ಕಂಡೇ ಇರಲಿಲ್ಲ. ಅತ್ತೆ ಮುದ್ದೆ ತಿರುವುವಾಗ ಕೆಮ್ಮಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಹೊಗೆಯಿಲ್ಲದೆ ಆ ಅಡುಗೆಮನೆಯಲ್ಲಿ ಬಂದ ಮೊದಲ ನೀರು ಅದು. ತಂಡದವರು ಇನ್ನು ಕೆಲವು ತಿಂಗಳು ಬಿಟ್ಟು ಬರುತ್ತೇವೆ ಎಂದು ಹೇಳಿ ಹೊರಟರು.

ಜೀಪಿನ ಧೂಳು ಅಡಗುವ ಮೊದಲೇ ಮಾವನವರಿಗೆ ಕೊಬ್ಬರಿ ನೆನಪಾಯಿತು. ಸೂರಿನ ಮೇಲೆ ಹೊಗೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿದೆ, ಅಟ್ಟ ತಣ್ಣಗಿದೆ. ಹೀಗೇ ಆದರೆ ಕಾಯಿ ಒಣಗುವ ಬದಲು ಬೂಸಲು ಹಿಡಿಯುತ್ತದೆ. ಹಾಗೆಂದು ಹೊಸ ಒಲೆ ಒಡೆಸುವುದಕ್ಕೂ ಮನಸ್ಸಿಲ್ಲ, ಅದು ಸಂಶೋಧನೆ. ಯಾರಾದರೂ ಚಾಪೆ ಕೆಳಗೆ ತೂರಿದರೆ ತಾವು ರಂಗೋಲಿ ಕೆಳಗೆ ತೂರುವವರು ನಮ್ಮ ಮಾವ. ಏಣಿ ಹತ್ತಿ, ಅಟ್ಟದ ನಡುವೆ ಹಾದುಹೋಗುವ ಕೊಳವೆಯ ಒಂದು ತುಂಡನ್ನು ಕಳಚಿ ತಂದು ಕೆಳಗೆ ಕಣಜದ ಹಿಂದೆ ಇಟ್ಟರು. ಹೊಗೆ ಅಟ್ಟಕ್ಕೆ ಬಂತು. ಕೆಳಗೆ ಇಳಿಯಬಾರದೆಂದು ಅಟ್ಟದ ನೆಲಕ್ಕೆ ಚಾಪೆ ಹಾಸಿಸಿ ಮಣ್ಣು ಸೆಗಣಿ ಮೆತ್ತಿಸಿದರು. ಸೂರಿನ ಮೇಲಿನ ತುಂಡನ್ನು ಮಾತ್ರ, ಒಳಗಿನಿಂದ ಗೋಣಿ ತುರುಕಿ, ಹಾಗೇ ಬಿಟ್ಟರು. ಅದನ್ನೂ ತೆಗೆದರೆ ಬೆಂಗಳೂರಿನವರಿಗೆ ಬೇಜಾರಾಗುತ್ತದೆ ಎಂದರು. ಕಟ್ಟಿಕೊಟ್ಟವರ ಮನಸ್ಸು ನೋಯಿಸಬಾರದು ಎಂಬ ದಾಕ್ಷಿಣ್ಯ ಅವರಿಗೆ ಬಹಳವಿತ್ತು.

ನಾನು ತಡೆಯಲಾರದೆ ಹೇಳಿದೆ. ಮಾವ, ಹೊಗೆ ಮನೆಯಿಂದ ಆಚೆಗೆ ಹೋಗಬೇಕು ಅಂತಲ್ಲವಾ ಅವರು ಹೇಳಿದ್ದು ಎಂದೆ.

"ಅಡುಗೆಮನೆಯಿಂದ ಹೋಗ್ಬೇಕು ಅಂದ್ರು ಕಣಮ್ಮ. ಹೋಯ್ತಲ್ಲ. ಅಟ್ಟದಲ್ಲಿ ಯಾರಾದ್ರೂ ಅಡುಗೆ ಮಾಡ್ತಾರಾ?"

ಅಟ್ಟಕ್ಕೆ ಅತ್ತೆ ಹತ್ತುತ್ತಾರಲ್ಲ ಎಂದೆ. ವಾರಕ್ಕೊಂದು ಸಲ ಹತ್ತಿದರೆ ಏನೂ ಆಗೋದಿಲ್ಲ, ಆಗುತ್ತದೆ ಎಂದು ಯಾವ ಪೇಪರಿನಲ್ಲೂ ಬಂದಿಲ್ಲ ಎಂದರು. ನಮ್ಮ ಮನೆಯವರು ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದರು. ಬಂದ ಮೇಲೆ ಅವರ ಕಿವಿಗೂ ಹಾಕಿದೆ. ಅಪ್ಪ ತಿಳಿದವರು, ಏನೋ ಯೋಚನೆ ಮಾಡಿಯೇ ಮಾಡಿರುತ್ತಾರೆ ಎಂದು ಹೇಳಿ ಮಲಗಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎತ್ತೂ ಕೋಣವೂ ಒಂದೇ ಕಡೆಗೆ ಎಳೆಯುತ್ತಿದ್ದವು.

ಮಾವನವರ ಈ ಸುಧಾರಣೆ ಊರಿಗೆಲ್ಲ ಹರಡಿತು. ಹೊಸ ಒಲೆ ಕಟ್ಟಿಸಿಕೊಂಡ ಇತರ ಮನೆಯವರು ಬಂದು ನೋಡಿ, ತಲೆದೂಗಿ, ತಮ್ಮ ತಮ್ಮ ಕೊಳವೆಯನ್ನೂ ಅಟ್ಟದಲ್ಲಿ ಕಳಚಿಕೊಂಡರು. ಬೆಂಗಳೂರಿನವರು ಒಲೆಯನ್ನೇನೋ ಚೆನ್ನಾಗಿ ಕಟ್ಟಿದ್ದಾರೆ, ಆದರೆ ತೆಂಗಿನ ಸೀಮೆಯ ಅನುಭವ ಸಾಲದು, ಅದನ್ನು ನಾವು ಸರಿಮಾಡಿಕೊಳ್ಳಬೇಕಾಯಿತು ಎಂದು ಮಾವ ಜಗಲಿಯಲ್ಲಿ ಕೂತು ವಿವರಿಸುತ್ತಿದ್ದರು. ಊರಿನ ಸೂರುಗಳ ಮೇಲೆಲ್ಲ ಹೊಸ ಕೊಳವೆಗಳು ಎದ್ದು ನಿಂತಿದ್ದವು. ಒಂದರಿಂದಲೂ ಹೊಗೆ ಬರುತ್ತಿರಲಿಲ್ಲ.

ಮೊದಲು ಇಡೀ ಮನೆಗೆ ಹಂಚಿಹೋಗುತ್ತಿದ್ದ ಹೊಗೆ ಈಗ ಅಟ್ಟದಲ್ಲಿ ಕೂಡಿಹಾಕಿದ ಹಾಗಾಗಿತ್ತು. ಶನಿವಾರ ಅತ್ತೆ ಮೇಲೆ ಹೋದರೆ ಅವರು ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಆ ಕೆಮ್ಮೂ ನಿಂತುಹೋಯಿತು. ನಾನು ಕೂಗಿದೆ, ಉತ್ತರವಿಲ್ಲ. ಹತ್ತಿ ನೋಡಿದರೆ ಕಾಯಿಯ ರಾಶಿಗೆ ಒರಗಿಕೊಂಡು, ಬಾಯಿ ತೆರೆದು, ಮೀನಿನ ಹಾಗೆ ಉಸಿರೆಳೆಯುತ್ತಿದ್ದರು. ಹೇಗೆ ಕೆಳಗಿಳಿಸಿದೆನೋ ನನಗೇ ಗೊತ್ತಿಲ್ಲ. ಹಿತ್ತಿಲಿನಲ್ಲಿ ಮಲಗಿಸಿ ಗಾಳಿ ಹಾಕುತ್ತಾ ಅಳುತ್ತಿದ್ದೆ. ಉಸಿರು ಬಂದ ಮೇಲೆ ಅವರು ಮೊದಲು ಹೇಳಿದ ಮಾತು, ನೀನು ಯಾಕೆ ಮೇಲೆ ಬಂದೆ ಎಂದು. ಆ ಸಂಜೆ ಮಾವ ಅವರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದರು. ಬಿಸಿನೀರು ಕುಡಿಸಿದರು. ಅವರು ಕೆಟ್ಟವರಲ್ಲ, ಹೆಂಡತಿಯ ಮೇಲೆ ಪ್ರೀತಿಯಿತ್ತು. ಆದರೆ ಕೊಳವೆಯ ತುಂಡು ಕಣಜದ ಹಿಂದೆ ಇಟ್ಟಲ್ಲೇ ಇತ್ತು.

ತಂಡ ಮತ್ತೆ ಬಂದದ್ದು ಚಳಿಗಾಲದಲ್ಲಿ. ಹುಡುಗರು ಬೀದಿಯಲ್ಲಿ ನಿಂತು ಸೂರುಗಳನ್ನು ನೋಡಿ ಹಿಗ್ಗಿದರು. ಅಡುಗೆಯ ಹೊತ್ತಿನಲ್ಲೂ ಕೊಳವೆಯಿಂದ ಹೊಗೆ ಕಾಣುತ್ತಿಲ್ಲ, ಅಂದರೆ ಸೌದೆ ಪೂರ್ತಿಯಾಗಿ ಉರಿಯುತ್ತಿದೆ, ನಾವು ನೆನೆಸಿದ್ದಕ್ಕಿಂತ ಒಲೆ ಚೆನ್ನಾಗಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಮಾವ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ನಗು ಬಂತು, ಹಿಂದೆಯೇ ಮೈ ಉರಿಯಿತು. ಡಾಕ್ಟರಿಗೆ ಇವತ್ತು ಎಲ್ಲ ಹೇಳಿಬಿಡುವುದೇ ಸೈ ಎಂದುಕೊಂಡು ಒಳಗೆ ಹೋದೆ. ಅಲ್ಲಿ ಡಾಕ್ಟರು ಅತ್ತೆಯನ್ನು ಕೆಮ್ಮು ಹೇಗಿದೆ ಎಂದು ಕೇಳುತ್ತಿದ್ದರು. ಮನೆಯ ಅನ್ನ ಉಂಡವರಿಗೆ, ನೀವು ಮಾಡಿದ್ದರಿಂದ ಏನೂ ಉಪಯೋಗವಾಗಲಿಲ್ಲ ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಆರಾಮಾಗಿದ್ದೀನಿ ಕಣವ್ವ, ನಿಮ್ಮ ಪುಣ್ಯ ಎಂದರು ಅತ್ತೆ. ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ತಿರುಗಿ, ಡಾಕ್ಟರಿಗೆ ಕಾಫಿ ಮಾಡು ಹೋಗು ಎಂದರು. ಆ ನೋಟದಲ್ಲಿ ಬಾಯಿ ಮುಚ್ಚು ಎಂಬುದೂ ಇತ್ತು.

ಡಾಕ್ಟರು ಮಿಷನ್ನು ಕಟ್ಟಿದರು. ಈ ಸಲ ದೇವರ ಮನೆಗೆ ಕಳಿಸಬೇಡಿ, ನೀವು ಎಲ್ಲಿಗೆ ಹೋಗುತ್ತೀರೋ ಅಲ್ಲಿಗೆ ಇದೂ ಬರಲಿ ಎಂದು ನಗುತ್ತಾ ಹೇಳಿ ಹೋದರು. ಅತ್ತೆ ಅಡುಗೆ ಮುಗಿಸಿದರು. ಮಾವನಿಗೆ ಬಡಿಸಿದರು. ಕೈತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಷನ್ನನ್ನು ಒಂದು ಸಲ ಮುಟ್ಟಿ ನೋಡಿಕೊಂಡು ಏಣಿಯ ಹತ್ತಿರ ಹೋದರು. ಅವತ್ತು ಶನಿವಾರವಲ್ಲ. ಅತ್ತೆ, ಬೇಡ ಎಂದು ಅಡ್ಡ ನಿಂತೆ. ನನ್ನನ್ನು ಪಕ್ಕಕ್ಕೆ ಸರಿಸಿ ಹತ್ತಿದರು. ಮೇಲೆ ಕಾಯಿ ಉರುಳುವ ಸದ್ದು ಬರಲಿಲ್ಲ. ಕೆಮ್ಮು, ಅದರ ನಡುವೆ ಮಿಷನ್ನಿನ ಗುಂಯ್, ಇಷ್ಟೇ ಕೇಳಿಸುತ್ತಿತ್ತು. ಮತ್ತೆ ಮತ್ತೆ ಕೂಗಿ ಕರೆದ ಮೇಲೆ ಇಳಿದು ಬಂದರು. ತುಟಿ ನೀಲಿಯಾಗಿತ್ತು.

ಡಾಕ್ಟರು ಬಂದು ಡಬ್ಬಿ ತೆರೆದರು. ಬಿಲ್ಲೆ ಬಾಣಲೆಯ ತಳದಷ್ಟು ಕಪ್ಪಗಿತ್ತು. ಅವರು ಅದನ್ನು ನೋಡಿದರು, ಅಡುಗೆಮನೆಯ ತಿಳಿಯಾದ ಗಾಳಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಅತ್ತೆ ಏಣಿಯ ಕಡೆ ಕೈ ತೋರಿಸಿದರು. ಡಾಕ್ಟರು ಸೀರೆ ಎತ್ತಿಕಟ್ಟಿ ಹತ್ತಿದರು. ಇಳಿದಾಗ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಆ ಕಪ್ಪು ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಮಾವನವರ ಅಂಗೈ ಮೇಲೆ ಇಟ್ಟರು.

"ಇದು ನಿಮ್ಮ ಯಜಮಾನ್ತಿ ಎದೆಯೊಳಗೆ ಇರೋದು. ನೋಡಿ, ಯಜಮಾನ್ರೇ."

ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಪೇಪರು ಓದುವಷ್ಟೇ ಶ್ರದ್ಧೆಯಿಂದ ನೋಡಿದರು. ಕಣಜದ ಹಿಂದಿನಿಂದ ಕೊಳವೆಯ ತುಂಡನ್ನು ತಂದು, ಆ ಹುಡುಗರನ್ನು ಕರೆದುಕೊಂಡು ತಾವೇ ಏಣಿ ಹತ್ತಿದರು. ಸಂಜೆಗೆ ನಮ್ಮ ಸೂರಿನಿಂದ ಮತ್ತೆ ಹೊಗೆ ಎದ್ದಿತು. ಬೇಸಿಗೆಯ ಹೊತ್ತಿಗೆ ತೋಟದಲ್ಲಿ ಕೊಬ್ಬರಿಗೆಂದೇ ಬೇರೆ ಮನೆ ಕಟ್ಟಿಸಿದರು, ಕಾಯಿ ತಿರುವಲು ಆಳು ಇಟ್ಟರು. ಮನುಷ್ಯರು ಇರುವ ಸೂರಿನ ಕೆಳಗೆ ಕಾಯಿ ಒಣಗಿಸುವುದು ಅವೈಜ್ಞಾನಿಕ ಎಂದು ತಾವು ಕಂಡುಕೊಂಡ ಬಗೆಯನ್ನು ಜಗಲಿಯಲ್ಲಿ ಹೇಳಲು ಶುರುಮಾಡಿದರು. ಊರಿನವರು ಅದಕ್ಕೂ ತಲೆದೂಗಿದರು.

ಕೊಳವೆ ಸೇರಿಸಿದ ಮಾರನೆಯ ದಿನ ಅತ್ತೆಯನ್ನು ಕೇಳಿದೆ. ಶನಿವಾರವೂ ಅಲ್ಲ, ಕಾಯಿ ಮುಟ್ಟಲೂ ಇಲ್ಲ, ಆ ಹೊಗೆಯಲ್ಲಿ ಸುಮ್ಮನೆ ಹೋಗಿ ಕೂತದ್ದು ಯಾಕೆ ಎಂದೆ. ಅವರು ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು. ಮಾತಿಗೊಮ್ಮೆ ಉಸಿರಿಗೆ ನಿಲ್ಲಬೇಕಾಗಿತ್ತು.

"ಇಷ್ಟು ವರ್ಸ ಕೆಮ್ಮಿ ಹೇಳ್ದೆ, ನಿಮ್ಮಾವಂಗೆ ಕೇಳಿಸ್ಲಿಲ್ಲ. ಮಿಷನ್ನು ಹೇಳಿದ್ರೆ ಕೇಳ್ತಾರೆ ಅಂತ ಅದನ್ನ ಕರ್ಕೊಂಡೋಗಿ ತೋರ್ಸಿದೆ. ನಂದೇನು, ಮುಗೀತು ಬುಡು. ನಾಳೆ ಆ ಒಲೆ ಮುಂದೆ ಕೂರೋಳು ನೀನಲ್ವೇನೇ?"

ಅಷ್ಟು ಹೇಳಿ ಕಾಳಿನ ಮೊರವನ್ನು ನನ್ನ ಕಡೆ ತಳ್ಳಿದರು. ನಾನು ಅವರ ಕಾಲು ಹಿಡಿದುಕೊಂಡೆ. ಕೆಲಸ ನೋಡು ಎಂದರು.

ಮುಂದಿನ ಚಳಿಗಾಲವನ್ನು ಅವರು ದಾಟಿದರು, ಅದರ ಮುಂದಿನದನ್ನು ದಾಟಲಿಲ್ಲ. ಹೊಗೆಯಿಂದ ಹಳ್ಳಿಯ ಹೆಂಗಸರ ಶ್ವಾಸಕೋಶ ಕೆಡುತ್ತದೆ ಎಂದು ಆಮೇಲೆ ಪೇಪರಿನಲ್ಲಿ ಬಂತು. ಮಾವ ನಮ್ಮನ್ನೆಲ್ಲ ಕರೆದು ಓದಲು ತೊಡಗಿದವರು ಅರ್ಧಕ್ಕೇ ನಿಲ್ಲಿಸಿ, ಹಾಳೆಯನ್ನು ನನ್ನ ಕೈಗೆ ಕೊಟ್ಟು ತೋಟದ ಕಡೆ ಹೋದರು.

ಈಚೆಗೆ ಬೇರೇನೋ ಕಾಯಿಲೆಗೆಂದು ತಿಪಟೂರಿನಲ್ಲಿ ನನ್ನ ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಸಣ್ಣ ವಯಸ್ಸಿನವರು. ಫಿಲಮ್ಮನ್ನು ಬೆಳಕಿಗೆ ಹಿಡಿದು, ಹಳ್ಳಿಯಲ್ಲಿ ಇಷ್ಟು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ್ದೀರಿ, ಆದರೂ ಎದೆ ಇಷ್ಟು ಚೆನ್ನಾಗಿದೆಯಲ್ಲ, ಹೊಗೆ ಕುಡಿಯಲಿಲ್ಲವಾ ಎಂದು ಆಶ್ಚರ್ಯದಿಂದ ಕೇಳಿದರು. ನನ್ನ ಪಾಲಿನದನ್ನೂ ನಮ್ಮತ್ತೆ ಕುಡಿದರು ಎಂದೆ.